ಗ್ಯಾಸ್ ಹಾಕಿದರೂ ಸಾಯದ ಕುಟ್ಟೆ ಹುಳು: ದೋಷ ಗುಳಿಗೆಯದೋ, ಮುಚ್ಚಿಗೆಯದೋ?

ಗೋದಾಮು, ಚನ್ನರಾಯಪಟ್ಟಣ
ಎಲ್ಲರಿಗೂ ನಮಸ್ಕಾರ. ಚನ್ನರಾಯಪಟ್ಟಣದ ಹೊರಭಾಗದಲ್ಲಿ ನಮ್ಮದೊಂದು ಚಿಕ್ಕ ಗೋದಾಮಿದೆ. ಸುತ್ತಲಿನ ರೈತರ ಮುಸುಕಿನ ಜೋಳವನ್ನೂ ಸ್ವಲ್ಪ ಭತ್ತವನ್ನೂ ಬಾಡಿಗೆಗೆ ಇಟ್ಟುಕೊಳ್ಳುತ್ತೇವೆ. ಕಾರ್ತಿಕ ಮಾಸದಲ್ಲಿ ಬಂದ ಜೋಳದಲ್ಲಿ ಸುಮಾರು 60 ಟನ್, ಬೆಲೆ ಏರಲೆಂದು ಕಾದು ಇನ್ನೂ ಇಲ್ಲಿಯೇ ಉಳಿದಿದೆ. ಯುಗಾದಿ ಕಳೆದ ಮೇಲೆ ಒಮ್ಮೆ, ಆಷಾಢದಲ್ಲಿ ಇನ್ನೊಮ್ಮೆ ಪರವಾನಗಿ ಇರುವವರನ್ನೇ ಕರೆಸಿ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಹಾಕಿಸಿದೆವು. ಟನ್ನಿಗೆ 3 ಗುಳಿಗೆಯ ಲೆಕ್ಕದಲ್ಲಿ ಇಟ್ಟು, ಚೀಲ ಪೇರಿಸಿದ ಅಟ್ಟಿಯ ಮೇಲೆ ತಾಡಪಾಲು ಹೊದಿಸಿದ್ದರು. ಆದರೂ ಎರಡನೆಯ ಸಲ ತೆರೆದು ಮೂರು ವಾರವಾಗುವಷ್ಟರಲ್ಲಿ ಚೀಲಗಳ ಹೊಲಿಗೆಯ ಸಂದುಗಳಲ್ಲಿ ಹಿಟ್ಟು ಉದುರತೊಡಗಿತು. ತಲೆ ಕೆಳಕ್ಕೆ ಬಾಗಿದ, ಕಂದು ಬಣ್ಣದ, ಅಕ್ಕಿಕಾಳಿಗಿಂತ ಚಿಕ್ಕದಾದ ಹುಳು ಹೆಚ್ಚಾಗಿದೆ. ಸೊಂಡಿಲು ಹುಳುವೂ ಅಲ್ಲಲ್ಲಿ ಕಾಣುತ್ತದೆ. ಗುಳಿಗೆಯ ಶಕ್ತಿ ಕುಂದಿದೆಯೇ, ಹುಳುಗಳಿಗೇ ಈ ಔಷಧಿ ನಾಟದಂತಾಗಿದೆಯೇ? ಮುಂದಿನ ಸಲ ಗುಳಿಗೆ ದುಪ್ಪಟ್ಟು ಮಾಡಿಸಬೇಕೆಂದಿದ್ದೇನೆ. ಇದು ಬೇರೆಯವರ ಧಾನ್ಯವಾದ್ದರಿಂದ ರಾತ್ರಿ ನಿದ್ದೆ ಬರುತ್ತಿಲ್ಲ. ಬಲ್ಲವರು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಅಕ್ಕಿ ಗಿರಣಿ, ಹೊಳೆನರಸೀಪುರ
ದುಪ್ಪಟ್ಟು ಮಾಡಿಸಿರಿ, ಯೋಚಿಸಬೇಡಿರಿ. ಹಿಂದೆ ಮೂರು ಗುಳಿಗೆಯಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ಐದಾರು ಬೇಕಾಗುತ್ತದೆ. ನಮ್ಮ ಗಿರಣಿಯಲ್ಲಿ ಎರಡು ವರ್ಷದಿಂದ ಹಾಗೆಯೇ ನಡೆದಿದೆ, ತೊಂದರೆಯಾಗಿಲ್ಲ.

ಬೀಜದಂಗಡಿ, ಬೇಲೂರು
ಎಷ್ಟು ದಿನ ಮುಚ್ಚಿಟ್ಟಿದ್ದಿರಿ ಎಂಬುದನ್ನು ಬರೆದೇ ಇಲ್ಲವಲ್ಲ?

ನಿವೃತ್ತ ಉಗ್ರಾಣ ಪರೀಕ್ಷಕ, ಹಾಸನ
ಬೇಲೂರಿನವರು ಕೇಳಿದ್ದೇ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಬರುವ ಮುನ್ನ ಗುಳಿಗೆಯ ಸಂಖ್ಯೆಯ ಮಾತು ಬೇಡ. ಮೂವತ್ತು ವರ್ಷ ಉಗ್ರಾಣಗಳಲ್ಲಿ ಇದೇ ಕೆಲಸ ಮಾಡಿದವನು ನಾನು. ನನ್ನ ಅನುಭವದಲ್ಲಿ ಗ್ಯಾಸ್ ಸೋತಿತು ಎಂದು ಬಂದ ದೂರುಗಳಲ್ಲಿ ಬಹುಪಾಲು ಮುಚ್ಚಿಗೆ ಸೋತವೇ ಆಗಿದ್ದವು.

ನೀವು ವರ್ಣಿಸಿದ ಕಂದು ಹುಳು ಧಾನ್ಯ ಕೊರೆಯುವ ಚಿಕ್ಕ ದುಂಬಿಯಾಗಿರಬೇಕು. ಮೇಲಿನಿಂದ ನೋಡಿದರೆ ತಲೆ ಕಾಣದಂತೆ ಕುತ್ತಿಗೆಯ ಭಾಗ ಟೊಪ್ಪಿಯ ಹಾಗೆ ಮುಚ್ಚಿಕೊಂಡಿರುತ್ತದೆ, ಹುಳು ಚೆನ್ನಾಗಿ ಹಾರುತ್ತದೆ. ಇದರ ಮರಿ ಕಾಳಿನೊಳಗೆ ಹೊಕ್ಕು ಅಲ್ಲಿಯೇ ಕೋಶವಾಗುತ್ತದೆ, ಅಂದರೆ ಬೆಳೆದ ಹುಳುವಾಗುವ ಮುಂಚಿನ ಅಲುಗಾಡದ ಹಂತಕ್ಕೆ ಬರುತ್ತದೆ. ಸೊಂಡಿಲು ಹುಳುವಂತೂ ಮೊಟ್ಟೆಯನ್ನೇ ಕಾಳಿಗೆ ತೂತು ಮಾಡಿ ಒಳಗಿಟ್ಟು, ಅಂಟಿನಿಂದ ಬಾಯಿ ಮುಚ್ಚಿಬಿಡುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವ ಹುಳು ಇರುವುದರಲ್ಲಿ ಒಂದು ಪಾಲು ಮಾತ್ರ.

ದೊಡ್ಡ ಹುಳುವೂ ಮರಿಯೂ ಗುಳಿಗೆಯಿಂದ ಹೊರಡುವ ಫಾಸ್ಫೀನ್ ಗ್ಯಾಸಿಗೆ ಸುಲಭವಾಗಿ ಬಲಿಯಾಗುತ್ತವೆ, ಮೊಟ್ಟೆ ಮತ್ತು ಕೋಶ ತಡೆದುಕೊಳ್ಳುತ್ತವೆ. ದಿನಗಳನ್ನು ಎಣಿಸುವುದು ಇದಕ್ಕಾಗಿಯೇ. ಗ್ಯಾಸ್ ಒಳಗೆ ಉಳಿದಿರುವಾಗಲೇ ಮೊಟ್ಟೆ ಒಡೆದು ಮರಿಯಾಗಬೇಕು, ಕೋಶ ಬಿರಿದು ಹುಳುವಾಗಬೇಕು. ಆಗ ಅವು ಸಾಯುತ್ತವೆ. ನಾಲ್ಕು ದಿನದ ಕೆಲಸವನ್ನು ಎರಡರಷ್ಟು ಗುಳಿಗೆಯಿಂದ ಎರಡು ದಿನಕ್ಕೆ ಮುಗಿಸಲು ಫಾಸ್ಫೀನ್ ಬಿಡುವುದಿಲ್ಲ. ಗ್ಯಾಸಿನ ಸಾಂದ್ರತೆ ಅತಿಯಾದರೆ ಹುಳು ಮಂಪರು ಕವಿದಂತೆ ಬಿದ್ದುಕೊಳ್ಳುತ್ತದೆ, ಉಸಿರಾಟವನ್ನು ತಗ್ಗಿಸಿ ವಿಷವನ್ನು ಒಳಕ್ಕೆ ಎಳೆದುಕೊಳ್ಳುವುದೇ ಕಡಿಮೆಯಾಗುತ್ತದೆ. ಹೊರಗಾಳಿ ತಾಗಿದ ಮೇಲೆ ಅದೇ ಹುಳು ಎದ್ದು ನಡೆಯುವುದನ್ನು ನಾನೇ ಕಂಡಿದ್ದೇನೆ.

ಈಗ ಎರಡು ಸಂಗತಿ ತಿಳಿಸಿರಿ: ಎಷ್ಟು ದಿನ ಮುಚ್ಚಿದ್ದಿರಿ, ಮತ್ತು ತೆರೆದ ದಿನವೇ ಎಲ್ಲಿಯಾದರೂ ಜೀವಂತ ಹುಳು ನಡೆದಾಡುತ್ತಿತ್ತೇ?

ಗೋದಾಮು, ಚನ್ನರಾಯಪಟ್ಟಣ
ನಾಲ್ಕು ದಿನ ಮುಚ್ಚಿದ್ದೆವು. ಐದನೆಯ ದಿನ ಲಾರಿ ಬರುವುದಿತ್ತು. ತೆರೆದಾಗ ಅಟ್ಟಿಯ ನೆತ್ತಿಯಲ್ಲಿ ಎಲ್ಲವೂ ಸತ್ತಿದ್ದವು. ತಳದ ಎರಡು ಸಾಲಿನಲ್ಲಿ, ಅದರಲ್ಲೂ ಗೋಡೆಯ ಕಡೆಯ ಮೂಲೆಯಲ್ಲಿ, ಹುಳು ಓಡಾಡುತ್ತಿದ್ದವು. ತಾಡಪಾಲಿನ ಅಂಚಿಗೆ ಇಟ್ಟಿಗೆ ಮತ್ತು ಕಲ್ಲು ಹೇರಿದ್ದೆವು. ನೆಲ ಹಳೆಯ ಕಲ್ಲುಚಪ್ಪಡಿಯದು, ಚಪ್ಪಡಿಗಳ ನಡುವೆ ಸಂದುಗಳಿವೆ.

ನಿವೃತ್ತ ಉಗ್ರಾಣ ಪರೀಕ್ಷಕ, ಹಾಸನ
ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವನ್ನು ನೀವೇ ಕೊಟ್ಟಿರಿ. ಮೇಲೆ ಸತ್ತು ಕೆಳಗಿನ ಅಂಚಿನಲ್ಲಿ ಬದುಕಿದ್ದರೆ ಅಲ್ಲಿ ಗ್ಯಾಸ್ ನಿಂತಿಲ್ಲ. ಅಟ್ಟಿಯ ನಡುಮಧ್ಯದಲ್ಲಿಯೂ ಜೀವಂತ ಹುಳು ಸಿಕ್ಕಿದ್ದರೆ ನಾನು ನಿರೋಧಕತೆಯನ್ನು, ಅಂದರೆ ಹುಳುವಿಗೇ ಔಷಧಿ ನಾಟದಿರುವುದನ್ನು, ಶಂಕಿಸುತ್ತಿದ್ದೆ. ಇಟ್ಟಿಗೆಯಿಂದ ಅಂಚು ಕೂರುವುದಿಲ್ಲ. ಎರಡು ಇಟ್ಟಿಗೆಗಳ ನಡುವಿನ ಪ್ರತಿಯೊಂದು ಸಂದೂ ಒಂದು ಕಿಟಕಿಯೇ. ಮರಳು ತುಂಬಿದ ಉದ್ದನೆಯ ಹಾವುಚೀಲಗಳನ್ನು ಒಂದರ ಬಾಲದ ಮೇಲೆ ಇನ್ನೊಂದರ ತಲೆ ಬರುವಂತೆ ಸುತ್ತಲೂ ಇಡಬೇಕು, ಮೂಲೆಗಳಲ್ಲಿ ಎರಡು ಸಾಲು ಇಡಬೇಕು. ಚಪ್ಪಡಿಯ ಸಂದಿಗೆ ಸಿಮೆಂಟು ತುಂಬಬೇಕು, ಇಲ್ಲವೇ ಚೀಲ ಪೇರಿಸುವ ಮೊದಲೇ ನೆಲಕ್ಕೂ ಒಂದು ಹಾಳೆ ಹಾಸಬೇಕು. ಹೊದಿಕೆಯೂ ಗ್ಯಾಸ್ ತಡೆಯುವ ಹಾಳೆಯೇ ಆಗಿರಬೇಕು. ನೇಯ್ದ ತಾಡಪಾಲು ಮಳೆಯನ್ನು ತಡೆದೀತು, ಫಾಸ್ಫೀನನ್ನು ತಡೆಯಲಾರದು.

ಕಾಫಿಸೀಮೆ, ಮೂಡಿಗೆರೆ
ಹವೆಯ ವಿಷಯವನ್ನು ಯಾರೂ ಎತ್ತಲಿಲ್ಲ. ಗುಳಿಗೆ ಗಾಳಿಯ ತೇವವನ್ನು ಹೀರಿಕೊಂಡು ಒಡೆಯಬೇಕು, ಆಗಲೇ ಗ್ಯಾಸ್ ಹೊರಡುತ್ತದೆ. 3 ಗ್ರಾಂ ತೂಕದ ಒಂದು ಗುಳಿಗೆಯಿಂದ ದೊರೆಯುವುದು 1 ಗ್ರಾಂ ಫಾಸ್ಫೀನ್ ಮಾತ್ರ; ಅದು ಪೂರ್ತಿ ಹೊರಬರಲು ಎರಡು ಮೂರು ದಿನ ಹಿಡಿಯುತ್ತದೆ, ಚಳಿಯಿದ್ದರೆ ಇನ್ನೂ ತಡ. ಆಷಾಢದಲ್ಲಿ ನಮ್ಮ ಕಡೆ ಹಗಲಲ್ಲಿಯೂ 25 ಡಿಗ್ರಿ ದಾಟದ ದಿನಗಳೇ ಹೆಚ್ಚು. ಚಳಿಗೆ ಹುಳುವಿನ ಉಸಿರೂ ನಿಧಾನ, ಮೊಟ್ಟೆ ಒಡೆಯುವುದೂ ನಿಧಾನ. ಹೀಗಿರುವಾಗ ನಾಲ್ಕು ದಿನದ ಮುಚ್ಚಿಗೆಯಲ್ಲಿ ಗ್ಯಾಸು ಏರಿ ನಿಲ್ಲುವ ಹೊತ್ತಿಗೆ ನೀವು ಹೊದಿಕೆ ತೆಗೆದಿದ್ದೀರಿ. 15 ಡಿಗ್ರಿಗಿಂತ ಕೆಳಗೆ ಫಾಸ್ಫೀನ್ ಹಾಕಲೇಬಾರದೆಂಬುದು ಸಾಮಾನ್ಯ ನಿಯಮ. ನಮ್ಮ ಮನೆಯ ಉಗ್ರಾಣದಲ್ಲಿ ಕಾಫಿಬೀಜಕ್ಕೆ ಬೀಳುವ ದುಂಬಿಯ ವಿಷಯದಲ್ಲಿಯೂ ಮಳೆಗಾಲದಲ್ಲಿ ಇದೇ ಪಾಠ ಕಲಿತೆವು. ಅಲ್ಲಿ ಗ್ಯಾಸಿಗಿಂತ ಬೀಜವನ್ನು ಸರಿಯಾಗಿ ಒಣಗಿಸಿದ್ದೇ ನಮ್ಮನ್ನು ಹೆಚ್ಚು ಕಾಪಾಡಿತು.

ಅಕ್ಕಿ ಗಿರಣಿ, ಹೊಳೆನರಸೀಪುರ
ಇವೆಲ್ಲ ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತವೆ. ಗಿರಣಿ ನಡೆಸುವವರಿಗೆ ಏಳೆಂಟು ದಿನ ಅಟ್ಟಿಯನ್ನು ಮುಚ್ಚಿ ಕೂರಲು ಆಗುವುದಿಲ್ಲ. ನಾವು ಮೂರು ದಿನ ಮುಚ್ಚುತ್ತೇವೆ, ಗುಳಿಗೆ ಹೆಚ್ಚು ಹಾಕುತ್ತೇವೆ, ಹುಳು ಸಾಯುತ್ತದೆ. ಕಣ್ಣಾರೆ ಕಂಡದ್ದನ್ನು ಹೇಗೆ ಅಲ್ಲಗಳೆಯಲಿ?

ಕೀಟಶಾಸ್ತ್ರದ ವಿದ್ಯಾರ್ಥಿನಿ, ಹಾಸನ
ಗಿರಣಿಯವರೇ, ನೀವು ಕಂಡದ್ದು ಸುಳ್ಳಲ್ಲ, ಆದರೆ ಸತ್ತವನ್ನು ಮಾತ್ರ ಎಣಿಸುತ್ತಿದ್ದೀರಿ. ಬದುಕಿ ಉಳಿದವು ಯಾವುವು ಎಂಬುದರಲ್ಲಿ ನಿಮ್ಮ ಮುಂದಿನ ವರ್ಷದ ಕಷ್ಟ ಅಡಗಿದೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1972–73ರಲ್ಲಿ ಹಲವು ದೇಶಗಳಿಂದ ದಾಸ್ತಾನು ಕೀಟಗಳನ್ನು ತರಿಸಿ ಪರೀಕ್ಷಿಸಿದಾಗಲೇ ಹತ್ತರಲ್ಲಿ ಒಂದರಷ್ಟು ಮಾದರಿಗಳಲ್ಲಿ ಫಾಸ್ಫೀನಿಗೆ ನಿರೋಧಕತೆ ಕಂಡುಬಂದಿತ್ತು. 1980ರ ದಶಕದ ಮೊದಲಲ್ಲಿ ಬಾಂಗ್ಲಾದೇಶದ ಆಹಾರ ಉಗ್ರಾಣಗಳಲ್ಲಿ ಗ್ಯಾಸ್ ಹಾಕಿದರೂ ಹುಳು ಉಳಿಯುತ್ತಿದ್ದುದನ್ನು ಪರಿಶೀಲಿಸಲಾಯಿತು. ಅಲ್ಲಿಯೂ ಮುಖ್ಯ ಆರೋಪಿ ಇದೇ ಧಾನ್ಯ ಕೊರೆಯುವ ಚಿಕ್ಕ ದುಂಬಿ, ಹಿನ್ನೆಲೆಯಲ್ಲಿ ಇದ್ದದ್ದು ಇದೇ ಸೋರುವ ಮುಚ್ಚಿಗೆ.

ಸೋರಿಕೆಯಿಂದ ನಿರೋಧಕತೆ ಹುಟ್ಟುವ ಬಗೆಯನ್ನು ಹೇಳುತ್ತೇನೆ. ಪ್ರಬಲ ನಿರೋಧಕತೆಗೆ ಎರಡು ಜೀನುಗಳು ಒಟ್ಟಾಗಿ ಬೇಕು. ಅವುಗಳಲ್ಲಿ ಒಂದು ಜೀವಕೋಶದ ಶಕ್ತಿ ಉತ್ಪಾದನೆಗೆ ಬೇಕಾದ ಡೈಹೈಡ್ರೋಲಿಪೋಅಮೈಡ್ ಡಿಹೈಡ್ರೋಜನೇಸ್ ಎಂಬ ಕಿಣ್ವದ್ದು ಎಂದು 2012ರಲ್ಲಿ ಗುರುತಿಸಲಾಯಿತು. ಅದೇ ಜೀನಿನ ಮಾರ್ಪಾಡುಗಳು ಭಾರತದ ಹುಳುಗಳಲ್ಲಿಯೂ ಸಿಕ್ಕಿವೆ. ಒಂದೊಂದೇ ಜೀನು ಬದಲಾದರೆ ಹುಳು ಸ್ವಲ್ಪ ಮಾತ್ರ ತಡೆದುಕೊಳ್ಳುತ್ತದೆ, ಎರಡೂ ಕೂಡಿದರೆ ತಡೆಯುವ ಶಕ್ತಿ ನೂರಾರು ಪಟ್ಟಿನವರೆಗೂ ಏರಬಲ್ಲದು. ಮಾರ್ಪಟ್ಟ ಜೀನು ತಂದೆಯಿಂದಲೋ ತಾಯಿಯಿಂದಲೋ ಒಂದೇ ಕಡೆಯಿಂದ ಬಂದಿದ್ದರೆ ಅಂಥ ಹುಳು ಸರಿಯಾದ ಪ್ರಮಾಣಕ್ಕೆ, ಸರಿಯಾದ ಅವಧಿಗೆ ಸಾಯುತ್ತದೆ. ಅಂಚಿನಲ್ಲಿ ಗ್ಯಾಸ್ ಸೋರಿ ಅರೆಬರೆ ಪ್ರಮಾಣ ಉಳಿದಾಗ ಸಾಧಾರಣ ಹುಳು ಸಾಯುತ್ತದೆ, ಒಂದೇ ಕಡೆಯಿಂದ ಜೀನು ಪಡೆದ ಈ ಹುಳು ಬದುಕುತ್ತದೆ. ಆಮೇಲೆ ಅದು ಕೂಡುವುದು ತನ್ನಂಥದರ ಜೊತೆಗೇ, ಏಕೆಂದರೆ ಉಳಿದಿರುವುದು ಅಂಥವೇ. ನಾಲ್ಕೈದು ಪೀಳಿಗೆಗಳಲ್ಲಿ ಎರಡೂ ಕಡೆಯಿಂದ ಜೀನು ಪಡೆದವು ತುಂಬಿಕೊಳ್ಳುತ್ತವೆ. ಬೇಸಿಗೆಯ ಸೆಕೆಯಲ್ಲಿ ಒಂದು ಪೀಳಿಗೆಗೆ ಒಂದು ತಿಂಗಳು ಸಾಕು. ಚನ್ನರಾಯಪಟ್ಟಣದವರ ಮೂಲೆಯ ಎರಡು ಸಾಲು ಚೀಲಗಳೇ ಆ ತೊಟ್ಟಿಲು.

ಅರಕಲಗೂಡು ಭತ್ತ
ಮೀಥೈಲ್ ಬ್ರೋಮೈಡ್ ಎಂಬ ಗ್ಯಾಸ್ ಇತ್ತಲ್ಲ, ಅದು ಒಂದೆರಡು ದಿನದಲ್ಲಿಯೇ ಕೆಲಸ ಮುಗಿಸುತ್ತಿತ್ತು ಎಂದು ಕೇಳಿದ್ದೆ. ಅದನ್ನೇಕೆ ಬಳಸಬಾರದು?

ನಿವೃತ್ತ ಉಗ್ರಾಣ ಪರೀಕ್ಷಕ, ಹಾಸನ
ಅದು ಓಜೋನ್ ಪದರವನ್ನು ಕೆಡಿಸುತ್ತದೆಂದು ಮಾಂಟ್ರಿಯಲ್ ಒಪ್ಪಂದದ ಪ್ರಕಾರ ನಮ್ಮಂಥ ದೇಶಗಳಲ್ಲಿಯೂ 2015ಕ್ಕೆ ಹಿಂತೆಗೆಯಲಾಯಿತು. ಕ್ವಾರಂಟೈನಿಗೂ ರಫ್ತಿಗೆ ಮುಂಚಿನ ಸಂಸ್ಕರಣೆಗೂ ಮಾತ್ರ ವಿನಾಯಿತಿ ಉಳಿದಿದೆ. ನಮ್ಮಂಥವರ ಕೈಯಲ್ಲಿ ಉಳಿದಿರುವ ದೊಡ್ಡ ಗ್ಯಾಸ್ ಫಾಸ್ಫೀನ್ ಒಂದೇ. ಅದನ್ನೂ ಕಳೆದುಕೊಂಡರೆ ಅದರ ಜಾಗಕ್ಕೆ ಇಷ್ಟು ಅಗ್ಗವಾದ, ಧಾನ್ಯದ ಮೇಲೆ ಇಷ್ಟು ಕಡಿಮೆ ಶೇಷ ಬಿಡುವ ಬೇರೊಂದು ಇಲ್ಲ.

ರಾಗಿ ಮನೆ, ಅರಸೀಕೆರೆ
ನಾನು ಗೃಹಿಣಿ. ನಮ್ಮ ಮನೆಯಲ್ಲಿ ಅವರೆಕಾಳು ಮತ್ತು ರಾಗಿಯನ್ನು ವಾಡೆಗಳಲ್ಲಿ, ಅಂದರೆ ಕಾಳು ತುಂಬುವ ದೊಡ್ಡ ಮಣ್ಣಿನ ಗುಡಾಣಗಳಲ್ಲಿ, ಇಡುತ್ತೇವೆ. ಅವರೆಕಾಳಿಗೆ ತೂತು ಬೀಳುತ್ತಿದೆ. ಅಂಗಡಿಯಲ್ಲಿ ಬಿಡಿಯಾಗಿ ಕೊಟ್ಟ ಎರಡು ಗುಳಿಗೆಗಳನ್ನು ಬಟ್ಟೆಯಲ್ಲಿ ಕಟ್ಟಿ ವಾಡೆಯೊಳಗೆ ಇಡಬಹುದೇ ಎಂದು ಕೇಳಬೇಕೆಂದಿದ್ದೆ. ವಾಡೆ ಇರುವುದು ನಾವು ಮಲಗುವ ಕೋಣೆಯ ಪಕ್ಕದ ನಡುಮನೆಯಲ್ಲಿ.

ಕೀಟಶಾಸ್ತ್ರದ ವಿದ್ಯಾರ್ಥಿನಿ, ಹಾಸನ
ಅಮ್ಮ, ದಯವಿಟ್ಟು ಇಡಬೇಡಿರಿ. ಮನೆಯೊಳಗೆ ಇದು ಕೊಲ್ಲುತ್ತದೆ, ಮತ್ತು ಇದಕ್ಕೆ ಪ್ರತಿವಿಷವಿಲ್ಲ. ಕೆಲಸದ ಸ್ಥಳದಲ್ಲಿಯೇ ದಿನವಿಡೀ ಉಸಿರಾಡುವ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 0.3 ಭಾಗ ದಾಟಬಾರದೆಂಬ ಮಿತಿಯಿದೆ. ಬೆಳ್ಳುಳ್ಳಿಯ ವಾಸನೆ ಬಂದರೆ ತಿಳಿಯುತ್ತದೆ ಎಂಬ ನಂಬಿಕೆಯಲ್ಲಿ ಇರಬೇಡಿರಿ, ಅಪಾಯದ ಮಟ್ಟದಲ್ಲಿಯೂ ಕೆಲವರಿಗೆ ವಾಸನೆ ತಿಳಿಯುವುದಿಲ್ಲ. 3 ಗ್ರಾಂನ 10 ಮತ್ತು 20 ಗುಳಿಗೆಗಳ ಕೊಳವೆಗಳನ್ನು ಸರ್ಕಾರ 2001ರಲ್ಲಿಯೇ ಪೂರ್ತಿ ನಿಷೇಧಿಸಿದೆ. ಸರ್ಕಾರಿ ಸಂಸ್ಥೆಗಳೂ ಪರವಾನಗಿ ಪಡೆದ ಕೀಟ ನಿಯಂತ್ರಕರೂ ಮಾತ್ರ ಇದನ್ನು ಬಳಸಬೇಕು. ಬಿಡಿಯಾಗಿ ಕೊಟ್ಟ ಅಂಗಡಿಯವರು ಮಾಡಿದ್ದು ಅಪರಾಧ. ಗುಳಿಗೆ ಈಗಾಗಲೇ ಮನೆಯಲ್ಲಿದ್ದರೆ ನೀರು ತಾಗಿಸಬೇಡಿರಿ, ಮಕ್ಕಳು ಹೋಗದ ಕಡೆ ಮನೆಯಿಂದ ಹೊರಗೆ ಇಟ್ಟು ಕೃಷಿ ಇಲಾಖೆಯವರಿಗೆ ತಿಳಿಸಿರಿ.

ಕಡೂರು ಬಯಲು
ಅವರೆಗೆ ಗುಳಿಗೆ ಏಕೆ? ನಮ್ಮ ಅಜ್ಜಿ ಅವರೆಗೂ ತೊಗರಿಗೂ ಕೆಮ್ಮಣ್ಣು ಕಲಸಿ ಬಳಿದು, ಬಿಸಿಲಿಗೆ ಗಲಗಲ ಎನ್ನುವಷ್ಟು ಒಣಗಿಸಿ, ವಾಡೆಯ ಬಾಯಿಗೆ ಬೂದಿಯನ್ನೂ ಬೇವಿನ ಸೊಪ್ಪನ್ನೂ ತುಂಬುತ್ತಿದ್ದರು. ಇನ್ನು ರಾಗಿಯಂತೂ ಹಗೇವಿನಲ್ಲಿ, ಅಂದರೆ ಧಾನ್ಯ ತುಂಬಲು ನೆಲದಡಿ ತೋಡಿದ ಗುಂಡಿಯಲ್ಲಿ, ವರ್ಷಗಟ್ಟಲೆ ಇರುತ್ತಿತ್ತು. ನಮ್ಮ ಊರ ಮುಂದೆ ಇದ್ದ ಹಗೇವಿನಿಂದ ಬರಗಾಲದಲ್ಲಿ ತೆಗೆದ ರಾಗಿಯಲ್ಲಿ ಒಂದು ಹುಳುವೂ ಇರಲಿಲ್ಲವೆಂದು ಹಿರಿಯರು ಹೇಳುವುದನ್ನು ಕೇಳಿ ಬೆಳೆದವನು ನಾನು. ಯಾವ ಗ್ಯಾಸ್ ಇತ್ತು ಆಗ?

ನಿವೃತ್ತ ಉಗ್ರಾಣ ಪರೀಕ್ಷಕ, ಹಾಸನ
ಹಗೇವಿನಲ್ಲಿಯೂ ಗ್ಯಾಸ್ ಇತ್ತು, ಧಾನ್ಯವೂ ಹುಳುವೂ ಉಸಿರಾಡಿ ತಾವೇ ಮಾಡಿಕೊಂಡ ಇಂಗಾಲದ ಡೈ ಆಕ್ಸೈಡ್. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಮೇಲೆ ಒಳಗಿನ ಆಮ್ಲಜನಕ ಮುಗಿದು ಹುಳು ಸಾಯುತ್ತಿತ್ತು. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ದೀಪ ಇಳಿಬಿಟ್ಟು ಅದು ಆರದೆ ಉರಿದರೆ ಮಾತ್ರ ಇಳಿಯುತ್ತಿದ್ದರು. ಅವಸರಪಟ್ಟು ಇಳಿದು ಉಸಿರುಗಟ್ಟಿ ಸತ್ತವರ ಕಥೆ ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿದೆ. ನೀವು ಹೇಳಿದ್ದನ್ನು ನಾನು ಗೌರವದಿಂದಲೇ ಒಪ್ಪುತ್ತೇನೆ, ಆದರೆ ಒಂದು ತಿದ್ದುಪಡಿ ಇದೆ. ರಾಗಿಯ ಕಾಳು ತೀರ ಸಣ್ಣದು, ಅದರೊಳಗೆ ಒಂದು ಹುಳು ಬೆಳೆಯಲು ಜಾಗವೇ ಸಾಲದು. ರಾಗಿ ಉಳಿದದ್ದರಲ್ಲಿ ಹಗೇವಿನ ಪಾಲು ಎಷ್ಟೋ, ರಾಗಿಯ ಪಾಲೂ ಅಷ್ಟೇ ಇದೆ.

ಕಾಫಿಸೀಮೆ, ಮೂಡಿಗೆರೆ
ಹಗೇವು ಒಣನೆಲದ ಬುದ್ಧಿವಂತಿಕೆ. ನಮ್ಮ ಮಲೆನಾಡಿನಲ್ಲಿ ಮಳೆಗಾಲಕ್ಕೆ ಎರಡಡಿ ಅಗೆದರೆ ನೀರು ಒಸರುತ್ತದೆ. ಆದ್ದರಿಂದಲೇ ಇಲ್ಲಿ ಭತ್ತ ನೆಲದಿಂದ ಎತ್ತರದಲ್ಲಿ ಕಟ್ಟಿದ ಕಣಜವಾದ ಪಣತವನ್ನು ಏರಿತು.

ಬೀಜದಂಗಡಿ, ಬೇಲೂರು
ಹಗೇವಿನ ತತ್ತ್ವವೇ ಈಗ ಗಾಳಿಯಾಡದ ಚೀಲಗಳಾಗಿ ಬಂದಿದೆ. ಎರಡು ವರ್ಷದಿಂದ ಅವರೆ ಮತ್ತು ಹೆಸರಿನ ಬೀಜವನ್ನು ಅಂಥ ಒಳಚೀಲದಲ್ಲಿ ಕಟ್ಟಿ, ಮೇಲೆ ಮಾಮೂಲು ಚೀಲ ತೊಡಿಸಿ ಇಡುತ್ತಿದ್ದೇನೆ. ಗ್ಯಾಸ್ ಬಳಸಿಲ್ಲ, ಮೊಳಕೆಯೂ ಚೆನ್ನಾಗಿ ಬಂದಿದೆ. ಅರಸೀಕೆರೆಯ ಅಮ್ಮನವರಿಗೆ ಇದು ಸರಿಹೋದೀತು. ಆದರೆ ಕಾಳು ನಿಜವಾಗಿಯೂ ಒಣಗಿರಬೇಕು. ಹಸಿ ಕಾಳನ್ನು ಒಳಗಿಟ್ಟರೆ ಹುಳುವಿನ ಬದಲು ಬೂಸಲು ಬರುತ್ತದೆ. ಇಲಿ ಕಡಿದ ಚೀಲ ಚೀಲವೇ ಅಲ್ಲ.

ಕೀಟಶಾಸ್ತ್ರದ ವಿದ್ಯಾರ್ಥಿನಿ, ಹಾಸನ
ಇನ್ನೊಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ: ಮೇಲೆ ಹೇಳಿದ ಧಾನ್ಯ ಕೊರೆಯುವ ಚಿಕ್ಕ ದುಂಬಿ ಪ್ಲಾಸ್ಟಿಕ್ಕನ್ನೂ ಕೊರೆಯಬಲ್ಲದು. ಈಗಾಗಲೇ ಹುಳು ತುಂಬಿದ ಜೋಳವನ್ನು ನೇರವಾಗಿ ಅಂಥ ಚೀಲಕ್ಕೆ ಸುರಿದರೆ ಚೀಲ ಉಳಿಯುವ ಭರವಸೆಯಿಲ್ಲ. ಹೊಸ ಧಾನ್ಯಕ್ಕೆ ಮೊದಲ ದಿನದಿಂದಲೇ ಬಳಸಬೇಕು.

ಅಕ್ಕಿ ಗಿರಣಿ, ಹೊಳೆನರಸೀಪುರ
ನಿಮ್ಮ ಮಾತುಗಳನ್ನು ಎರಡು ದಿನ ಓದಿ ಯೋಚಿಸಿದೆ. ಹೋದ ತಿಂಗಳು ಆರು ಗುಳಿಗೆಯ ಲೆಕ್ಕದಲ್ಲಿ ಹಾಕಿಸಿದ ಅಟ್ಟಿಯನ್ನು ನಿನ್ನೆ ನಡುಮಧ್ಯದವರೆಗೆ ಬಿಚ್ಚಿಸಿ ಜರಡಿ ಹಿಡಿಸಿದೆ. ನಡುಮಧ್ಯದ ಚೀಲಗಳಲ್ಲಿಯೂ ಜೀವಂತ ಹುಳು ಇದ್ದವು. ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಒಂದು ನ್ಯಾಯವಾದ ಪ್ರಶ್ನೆ ಇದೆ. ನಮ್ಮ ಹುಳುಗಳಿಗೆ ಈಗಾಗಲೇ ನಿರೋಧಕತೆ ಬಂದುಬಿಟ್ಟಿದ್ದರೆ ಮುಚ್ಚಿಗೆ ಸರಿಪಡಿಸಿ ಏನು ಪ್ರಯೋಜನ?

ಕೀಟಶಾಸ್ತ್ರದ ವಿದ್ಯಾರ್ಥಿನಿ, ಹಾಸನ
ಪ್ರಯೋಜನವಿದೆ. ಪ್ರಬಲ ನಿರೋಧಕತೆ ಇರುವ ಹುಳುವೂ ಫಾಸ್ಫೀನಿನಿಂದ ಸಾಯುತ್ತದೆ, ಆದರೆ ಸಾಕಷ್ಟು ಸಾಂದ್ರತೆ ಹತ್ತು ಹನ್ನೆರಡು ದಿನ ಕೆಳಗಿಳಿಯದೆ ನಿಲ್ಲಬೇಕು. ಸೋರುವ ಹೊದಿಕೆಯಲ್ಲಿ ಅದು ಅಸಾಧ್ಯ. ಆಸ್ಟ್ರೇಲಿಯಾದಲ್ಲಿ ಹೊಸ ಧಾನ್ಯಗೋಪುರ ಕೊಳ್ಳುವಾಗ ಒಳಗೆ ಗಾಳಿ ಒತ್ತಿ, ಆ ಒತ್ತಡ ಅರ್ಧಕ್ಕೆ ಇಳಿಯಲು ಕನಿಷ್ಠ 5 ನಿಮಿಷ ಹಿಡಿಯುತ್ತದೆಯೇ ಎಂದು ನೋಡುತ್ತಾರೆ. ನಮ್ಮ ಹೊದಿಕೆಗೆ ಆ ಪರೀಕ್ಷೆ ಹೊಂದುವುದಿಲ್ಲವಾದರೂ, ಗ್ಯಾಸ್ ಅಳೆಯುವ ಮೀಟರು ತರುವಂತೆ ನಿಯಂತ್ರಕರನ್ನು ಒತ್ತಾಯಿಸಬಹುದು. ಅಟ್ಟಿಯ ತಳ, ನಡು ಮತ್ತು ನೆತ್ತಿಗೆ ತೆಳು ಕೊಳವೆ ಇಟ್ಟು ಹೊರಗಿನಿಂದಲೇ ಅಳೆಯಬೇಕು. ಕೊನೆಯ ದಿನದ ಅಳತೆಯೇ ಮುಖ್ಯ.

ನಿರೋಧಕತೆ ಇದೆಯೋ ಇಲ್ಲವೋ ಎಂದು ಊಹಿಸುವುದೂ ಬೇಡ. ಪ್ರಯೋಗಾಲಯದಲ್ಲಿ ಹುಳುಗಳನ್ನು 20 ಗಂಟೆ ಗೊತ್ತಾದ ಸಾಂದ್ರತೆಯಲ್ಲಿ ಇಟ್ಟು, ಕೊರೆಯುವ ದುಂಬಿಗೆ ಲೀಟರಿಗೆ 0.03 ಮಿಲಿಗ್ರಾಂ, ಸೊಂಡಿಲು ಹುಳುವಿಗೆ 0.04, ಎರಡು ವಾರದ ಮೇಲೆ ಎಷ್ಟು ಉಳಿದವೆಂದು ಎಣಿಸುತ್ತಾರೆ. ಇದನ್ನು ಯಾರೂ ಮನೆಯಲ್ಲಿ ಪ್ರಯತ್ನಿಸಬಾರದು. ಹುಳುಗಳನ್ನು ಕಳುಹಿಸಿದರೆ ನಮ್ಮ ವಿಭಾಗದಲ್ಲಿ ನೋಡಿಕೊಡಲು ನಾನು ಕೇಳುತ್ತೇನೆ.

ನಿವೃತ್ತ ಉಗ್ರಾಣ ಪರೀಕ್ಷಕ, ಹಾಸನ
ಗ್ಯಾಸಿಗೆ ಮೊದಲು ಪೊರಕೆ ಎಂಬುದನ್ನು ನಾನು ಕಿರಿಯರಿಗೆ ಬೇಸರ ಬರುವಷ್ಟು ಹೇಳುತ್ತಿದ್ದೆ. ಮೂಲೆಯಲ್ಲಿ ಬಿದ್ದ ಕಳೆದ ವರ್ಷದ ಗುಡಿಸಿದ ಕಾಳು, ಮಡಿಸಿಟ್ಟ ಹಳೆಯ ಗೋಣಿಚೀಲ, ಗಿರಣಿಯ ಎಲಿವೇಟರಿನ ಬುಡದ ತೌಡು, ಇವುಗಳಲ್ಲಿ ಬದುಕುಳಿದ ಹುಳು ಹಾರಿ ಬಂದು ಗ್ಯಾಸ್ ಹಾಕಿದ ಅಟ್ಟಿಗೇ ಮತ್ತೆ ಇಳಿಯುತ್ತದೆ. ಫಾಸ್ಫೀನ್ ಹೊರಟ ಮೇಲೆ ಅದರ ಕಾವಲು ಒಂದು ದಿನವೂ ಉಳಿಯುವುದಿಲ್ಲ. ಖಾಲಿ ಗೋದಾಮಿನ ಗೋಡೆ ನೆಲಕ್ಕೆ ಡೆಲ್ಟಾಮೆಥ್ರಿನ್ ಸಿಂಪಡಿಸಿರಿ. ಮ್ಯಾಲಥಿಯಾನ್ ಈ ಕೊರೆಯುವ ದುಂಬಿಯ ಮೇಲೆ ಹೆಚ್ಚು ನಡೆಯುವುದಿಲ್ಲ. ಡೈಕ್ಲೋರ್ವಾಸ್ 2020ರ ಕೊನೆಗೆ ನಿಷೇಧವಾಗಿದೆ, ಹಳೆಯ ಡಬ್ಬಿ ಇದೆಯೆಂದು ಬಳಸಬೇಡಿರಿ. ಸಿಂಪಡಣೆ ಗೋಡೆಗೆ, ಕಾಳಿಗೆ ಅಲ್ಲ.

ಅರಕಲಗೂಡು ಭತ್ತ
ಒಬ್ಬರು ಶುಚಿಯಾಗಿಟ್ಟು ಪಕ್ಕದವರು ಇಡದಿದ್ದರೆ? ನಮ್ಮಲ್ಲಿ ಒಬ್ಬ ವರ್ತಕರು ಹುಳು ಬಿದ್ದ ಚೀಲಗಳನ್ನೇ ಖಾಲಿ ಮಾಡಿ ರೈತರಿಗೆ ಹಂಚಿದರು. ಆ ಚೀಲದ ಜೊತೆಗೆ ನಿರೋಧಕತೆಯೂ ನಮ್ಮ ಮನೆಗೆ ಬಂದಂತಾಯಿತಲ್ಲವೇ?

ಕೀಟಶಾಸ್ತ್ರದ ವಿದ್ಯಾರ್ಥಿನಿ, ಹಾಸನ
ಹೌದು, ಹಾಗೆಯೇ ಬರುತ್ತದೆ. ಹಳೆಯ ಚೀಲಗಳನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿ ಬಳಸಿರಿ. 55–60 ಡಿಗ್ರಿ ಶಾಖವನ್ನು ತಾಳುವ ಜೀನು ಈ ಹುಳುಗಳಲ್ಲಿ ಇಲ್ಲ.

ಗೋದಾಮು, ಚನ್ನರಾಯಪಟ್ಟಣ
ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿರಿ. ರೈತರಿಗೆಲ್ಲ ಇದ್ದ ಸಂಗತಿಯನ್ನು ಹೇಳಿ, ಲಾರಿಯನ್ನು ಮುಂದೂಡಿಸಿದೆ. ಅಟ್ಟಿಯನ್ನು ಪೂರ್ತಿ ಇಳಿಸಿ, ಚಪ್ಪಡಿಯ ಸಂದುಗಳಿಗೆ ಸಿಮೆಂಟು ತುಂಬಿಸಿ, ಗೋಡೆಯಿಂದ ಎರಡಡಿ ಬಿಟ್ಟು ಮತ್ತೆ ಪೇರಿಸಿದೆವು. ಈ ಸಲ ಬೇರೆ ನಿಯಂತ್ರಕರು ಗ್ಯಾಸ್ ತಡೆಯುವ ಹಾಳೆ ಮತ್ತು ಮೀಟರು ತಂದರು. ಗುಳಿಗೆ ಮೊದಲಿನಷ್ಟೇ, ಮುಚ್ಚಿಗೆ ಮಾತ್ರ ಹತ್ತು ದಿನ. ಹತ್ತನೆಯ ದಿನವೂ ಮೂರೂ ಕೊಳವೆಗಳಲ್ಲಿ ಗ್ಯಾಸ್ ತೋರಿಸಿತು. ತೆರೆದ ದಿನ ಒಂದೂ ಜೀವಂತ ಹುಳು ಕಾಣಲಿಲ್ಲ. ಇಂದಿಗೆ ಇಪ್ಪತ್ತಾರು ದಿನ. ಹನ್ನೆರಡು ಚೀಲ ಜರಡಿ ಹಿಡಿದಿದ್ದರಲ್ಲಿ ಹನ್ನೊಂದು ಶುದ್ಧವಾಗಿವೆ, ಬಾಗಿಲ ಬಳಿಯ ಒಂದರಲ್ಲಿ ನಾಲ್ಕು ಕಂದು ಹುಳು ಸಿಕ್ಕವು. ಹೊರಗಿನಿಂದ ಹಾರಿ ಬಂದವೋ ಒಳಗೇ ಉಳಿದವೋ ತಿಳಿಯುತ್ತಿಲ್ಲ.

ಕೀಟಶಾಸ್ತ್ರದ ವಿದ್ಯಾರ್ಥಿನಿ, ಹಾಸನ
ನಾಲ್ಕು ಸಾಲವು. ಅದೇ ಚೀಲದಿಂದಲೂ ಬಾಗಿಲ ಸುತ್ತಲಿನಿಂದಲೂ ಇನ್ನಷ್ಟು ಹುಡುಕಿ, ಎರಡು ಡಬ್ಬಿಗಳಲ್ಲಿ ಬೇರೆಬೇರೆಯಾಗಿ, ಒಂದೊಂದು ಹಿಡಿ ಜೋಳದೊಂದಿಗೆ ಹಾಕಿರಿ. ಮುಚ್ಚಳಕ್ಕೆ ಹುಳು ನುಸುಳದಷ್ಟು ಸಣ್ಣ ತೂತುಗಳಿರಲಿ, ಡಬ್ಬಿಯನ್ನು ಬಿಸಿಲಿನಲ್ಲಿ ಇಡಬೇಡಿರಿ. ಯಾವ ಡಬ್ಬಿ ಎಲ್ಲಿಯದೆಂದು ಚೀಟಿ ಅಂಟಿಸಿರಿ.

ಅಕ್ಕಿ ಗಿರಣಿ, ಹೊಳೆನರಸೀಪುರ
ನನ್ನದೂ ಒಂದು ಡಬ್ಬಿ ಕಳುಹಿಸಲೇ? ನಮ್ಮಲ್ಲಿ ಹುಳುವಿಗೆ ಕೊರತೆಯಿಲ್ಲ, ಬೇಕಾದಷ್ಟು ಸಿಗುತ್ತದೆ.

ಕೀಟಶಾಸ್ತ್ರದ ವಿದ್ಯಾರ್ಥಿನಿ, ಹಾಸನ
ಖಂಡಿತ ಕಳುಹಿಸಿರಿ. ಆರು ಗುಳಿಗೆಯ ಅಟ್ಟಿಯ ನಡುಮಧ್ಯದ ಹುಳುಗಳೇ ನನಗೆ ಹೆಚ್ಚು ಬೇಕಾದವು.

ಗೋದಾಮು, ಚನ್ನರಾಯಪಟ್ಟಣ
ಸೋಮವಾರ ಬೆಳಗಿನ ಬಸ್ಸಿಗೆ ಎರಡು ಡಬ್ಬಿಗಳನ್ನು ನಾನೇ ಹಾಸನಕ್ಕೆ ತರುತ್ತೇನೆ. ಹೊಳೆನರಸೀಪುರದವರು ಅದೇ ದಿನ ಬರುವುದಾದರೆ ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ.